ತಂತ್ರಜ್ಞಾನ ನಾವೀನ್ಯತೆಯಲ್ಲಿ ಮಿಶ್ರ ವಿಧಾನದ ಸ್ನಾತಕೋತ್ತರ ಶಿಕ್ಷಣ: ಗದಗ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಗದಗ-ಬೆಟಗೇರಿ ಅವಳಿ ನಗರ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಅನೇಕ ಪದವೀಧರರು ಉದ್ಯೋಗ, ವ್ಯವಸಾಯ ಅಥವಾ ಕುಟುಂಬದ ಹೊಣೆಯ ಕಾರಣ ಊರು ಬಿಟ್ಟು ಎರಡು ವರ್ಷ ವ್ಯಾಸಂಗ ಮಾಡಲು ಅನುಕೂಲ ಹೊಂದಿರುವುದಿಲ್ಲ. ಇಂತಹವರಿಗೆ ಮನೆಯಲ್ಲಿದ್ದು ಭಾಗಶಃ ಅಂತರ್ಜಾಲದ ಮೂಲಕ, ಭಾಗಶಃ ತರಗತಿಗೆ ಹಾಜರಾಗಿ ಕಲಿಯುವ ಮಿಶ್ರ ವಿಧಾನವು ಉಪಯುಕ್ತವಾಗಿರುತ್ತದೆ. ಆದರೆ "ಹೈಬ್ರಿಡ್" ಎಂದು ಪ್ರಚಾರವಾಗುವ ಎಲ್ಲ ಪದವಿಗಳಿಗೂ ಸಮಾನ ಮಾನ್ಯತೆ ಇರುವುದಿಲ್ಲ. ಶುಲ್ಕ ಪಾವತಿಸುವ ಮೊದಲು ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಮಿಶ್ರ ವಿಧಾನ ಎಂದರೇನು?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) ನಿಯಮಗಳಂತೆ ಪದವಿಯನ್ನು ನಿಯತ, ಮುಕ್ತ ಮತ್ತು ದೂರ ಶಿಕ್ಷಣ ಹಾಗೂ ಆನ್‌ಲೈನ್ ಎಂಬ ಮೂರು ವಿಧಾನಗಳಲ್ಲಿ ನೀಡಲಾಗುತ್ತದೆ. "ಹೈಬ್ರಿಡ್" ಎಂಬುದು ಪ್ರತ್ಯೇಕ ನಾಲ್ಕನೆಯ ವಿಧಾನವಲ್ಲ. ಅದು ಬೋಧನಾ ಕ್ರಮದ ಹೆಸರು ಮಾತ್ರ. ಆದುದರಿಂದ ಸದರಿ ಪದವಿಯು ಈ ಮೂರರಲ್ಲಿ ಯಾವ ವಿಧಾನಕ್ಕೆ ಸೇರಿದೆ ಎಂಬುದನ್ನು ಸಂಸ್ಥೆಯಿಂದ ಲಿಖಿತವಾಗಿ ಪಡೆಯುವುದು ಅರ್ಜಿದಾರರ ಮೊದಲನೆಯ ಕರ್ತವ್ಯವಾಗಿರುತ್ತದೆ.

(ಅ) ನಿಯತ ಪದವಿ: ವಿದ್ಯಾರ್ಥಿಯು ಕಾಲೇಜಿಗೆ ದಾಖಲಾಗಿ, ಕೆಲವು ವಿಷಯಗಳನ್ನು ಮಾತ್ರ ಅಂತರ್ಜಾಲದಲ್ಲಿ ಕಲಿಯಬಹುದು. ಕೇಂದ್ರ ಸರ್ಕಾರದ "ಸ್ವಯಂ" ವೇದಿಕೆಯು 2017ರ ಜುಲೈ 9ರಂದು ಉದ್ಘಾಟನೆಗೊಂಡಿತು. ಆಯೋಗದ 2021ರ ನಿಯಮಗಳ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕ್ರೆಡಿಟ್‌ಗಳಲ್ಲಿ ಶೇ. 40ರವರೆಗೆ ಈ ವೇದಿಕೆಯ ಮೂಲಕ ಗಳಿಸಲು ವಿಶ್ವವಿದ್ಯಾಲಯವು ಅನುಮತಿ ನೀಡಬಹುದಾಗಿದೆ.

(ಆ) ಮುಕ್ತ ಮತ್ತು ದೂರ ಶಿಕ್ಷಣ: ಮುದ್ರಿತ ಪಾಠಗಳು, ಸಂಪರ್ಕ ತರಗತಿಗಳು ಹಾಗೂ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಇರುತ್ತವೆ.

(ಇ) ಆನ್‌ಲೈನ್: ಬೋಧನೆ ಸಂಪೂರ್ಣವಾಗಿ ಅಂತರ್ಜಾಲದ ಮೂಲಕ ನಡೆಯುತ್ತದೆ, ಪರೀಕ್ಷೆಯು ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ.

(ಆ) ಮತ್ತು (ಇ) ವಿಧಾನಗಳಿಗೆ 2020ರ ಸೆಪ್ಟೆಂಬರ್ 4ರಂದು ಪ್ರಕಟವಾದ ನಿಯಮಗಳು ಅನ್ವಯಿಸುತ್ತವೆ. ಮಾನ್ಯತೆ ಪಡೆದ ಸಂಸ್ಥೆಗಳು ಈ ವಿಧಾನಗಳಲ್ಲಿ ನೀಡುವ ಪದವಿಗಳು ನಿಯತ ಪದವಿಗೆ ಸಮಾನವೆಂದು ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

3. ಎಂಜಿನಿಯರಿಂಗ್ ಪದವಿಗಳ ಬಗ್ಗೆ ವಿಶೇಷ ಸೂಚನೆ

ತಂತ್ರಜ್ಞಾನ ನಾವೀನ್ಯತೆಯ ವ್ಯಾಸಂಗವು ಎಂ.ಟೆಕ್., ಎಂ.ಬಿ.ಎ., ಎಂ.ಸಿ.ಎ. ಅಥವಾ ಎಂ.ಎಸ್ಸಿ. ಎಂಬ ಹೆಸರಿನಲ್ಲಿ ದೊರೆಯಬಹುದು. ಇವುಗಳಿಗೆ ಒಂದೇ ನಿಯಮವಿಲ್ಲ. ಆಯೋಗದ ನಿಯಮಗಳು ಎಂಜಿನಿಯರಿಂಗ್ ವಿಷಯಗಳನ್ನು ದೂರ ಹಾಗೂ ಆನ್‌ಲೈನ್ ವಿಧಾನದಿಂದ ಹೊರಗಿಟ್ಟಿವೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎ.ಐ.ಸಿ.ಟಿ.ಇ.) ಮಾರ್ಗಸೂಚಿಗಳಲ್ಲಿ ವ್ಯವಹಾರ ನಿರ್ವಹಣೆ, ಗಣಕ ಅನ್ವಯ, ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನದಂತಹ ಕೆಲವೇ ಕ್ಷೇತ್ರಗಳಿಗೆ ಅವಕಾಶವಿದೆ. ಐ.ಐ.ಟಿ.ಗಳಿಗೆ ತಮ್ಮದೇ ಆದ ಅಧಿನಿಯಮವಿದ್ದು, ಅವು ನೀಡುವ ಪದವಿಗಳನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಈ ವಿಷಯದಲ್ಲಿ ಉದಾಸೀನ ಮಾಡಿದವರಿಗೆ ಆದ ನಷ್ಟ ಸಣ್ಣದಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರ ಶಿಕ್ಷಣದ ಮೂಲಕ ನೀಡಿದ್ದ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರ್ 3ರಂದು ತೀರ್ಪು ನೀಡಿತು. 2001ರಿಂದ 2005ರ ಅವಧಿಯಲ್ಲಿ ಪ್ರವೇಶ ಪಡೆದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಅವುಗಳನ್ನು ಉಳಿಸಿಕೊಳ್ಳಲು ಪರೀಕ್ಷೆ ಬರೆಯುವಂತೆ ಆದೇಶಿಸಲಾಯಿತು. ಆ ನಂತರ ಪ್ರವೇಶ ಪಡೆದವರ ಪದವಿಗಳು ರದ್ದಾದವು.

ರಾಜ್ಯದ ಅನುಭವವೂ ಇದನ್ನೇ ತಿಳಿಸುತ್ತದೆ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಆಯೋಗದ ಮಾನ್ಯತೆ ಮುಂದುವರಿಯಲಿಲ್ಲ. 2013-14 ಮತ್ತು 2014-15ನೇ ಸಾಲಿನಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳು ದೀರ್ಘಕಾಲ ತೊಂದರೆ ಅನುಭವಿಸಬೇಕಾಯಿತು. 2018-19ನೇ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ಸಂಸ್ಥೆಯು ಸರ್ಕಾರದ್ದೇ ಆಗಿದ್ದರೂ, ಪ್ರವೇಶ ಪಡೆಯುವ ಸಾಲಿಗೆ ಮತ್ತು ಆಯ್ದ ವಿಷಯಕ್ಕೆ ಮಾನ್ಯತೆ ಇದೆಯೇ ಎಂದು ನೋಡಬೇಕೆಂಬುದು ಇದರಿಂದ ತಿಳಿಯುತ್ತದೆ.

4. ಜಿಲ್ಲೆಯವರಿಗೆ ಸಮೀಪದಲ್ಲಿರುವ ಸಂಸ್ಥೆಗಳು

• ಗದಗದ ತೋಂಟದಾರ್ಯ ತಾಂತ್ರಿಕ ಮಹಾವಿದ್ಯಾಲಯ (1979) ಮತ್ತು ಲಕ್ಷ್ಮೇಶ್ವರದ ಅಗಡಿ ತಾಂತ್ರಿಕ ಮಹಾವಿದ್ಯಾಲಯ. ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿ.ಟಿ.ಯು.) ಸಂಯೋಜಿತವಾಗಿವೆ. ಇಲ್ಲಿ ಯಾವ ಸ್ನಾತಕೋತ್ತರ ವಿಷಯಗಳು ಲಭ್ಯವಿವೆ ಎಂಬುದನ್ನು ಆಯಾ ವರ್ಷ ವಿಚಾರಿಸತಕ್ಕದ್ದು.

• ವಿ.ಟಿ.ಯು. ಆನ್‌ಲೈನ್ ಶಿಕ್ಷಣ ಕೇಂದ್ರ. ಎಂ.ಬಿ.ಎ. ಮತ್ತು ಎಂ.ಸಿ.ಎ. ಪದವಿಗಳನ್ನು ಆನ್‌ಲೈನ್ ವಿಧಾನದಲ್ಲಿ ನೀಡುತ್ತದೆ.

• ಗದಗ ಸಮೀಪದ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. 2016ರ ಅಧಿನಿಯಮದಂತೆ ಸ್ಥಾಪಿತವಾದ ಇಲ್ಲಿ ಭೂಮಾಹಿತಿ ವಿಜ್ಞಾನ, ಗ್ರಾಮೀಣ ನಿರ್ವಹಣೆ ಮೊದಲಾದ ವಿಷಯಗಳಲ್ಲಿ ನಿಯತ ಸ್ನಾತಕೋತ್ತರ ವ್ಯಾಸಂಗವಿದೆ. ತಂತ್ರಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಬಳಸಲು ಬಯಸುವವರಿಗೆ ಇದು ಅನುಕೂಲಕರ.

• ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಗದಗದಿಂದ ಸುಮಾರು 60 ಕಿ.ಮೀ. ದೂರದಲ್ಲಿದ್ದು, ರೈಲು ಮತ್ತು ಬಸ್ ಸೌಕರ್ಯವಿದೆ. ಇಲ್ಲಿ ತಂತ್ರಜ್ಞಾನ ನಾವೀನ್ಯತೆ ಮತ್ತು ಉದ್ಯಮಶೀಲತೆಗೆ ಪ್ರತ್ಯೇಕ ಕೇಂದ್ರವಿದೆ.

• ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಎಂ.ಬಿ.ಎ. ಮತ್ತು ಎಂ.ಎಸ್ಸಿ. ಗಣಕ ವಿಜ್ಞಾನವೂ ಸೇರಿದಂತೆ ಹಲವು ವಿಷಯಗಳಿದ್ದು, ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ.

ಮಿಶ್ರ ವಿಧಾನದಲ್ಲಿಯೂ ಪರೀಕ್ಷೆ, ಸಂಪರ್ಕ ತರಗತಿ ಮತ್ತು ಪ್ರಯೋಗಾಲಯಕ್ಕೆ ಪ್ರಯಾಣ ಮಾಡಬೇಕಾಗುತ್ತದೆ. ಮುಂಡರಗಿ ಮತ್ತು ಶಿರಹಟ್ಟಿಯ ಅಭ್ಯರ್ಥಿಗಳು ವರ್ಷದಲ್ಲಿ ಎಷ್ಟು ದಿನ, ಯಾವ ಊರಿಗೆ ಹೋಗಬೇಕು ಎಂಬುದನ್ನು ಮೊದಲೇ ತಿಳಿದು, ವೆಚ್ಚ ಹಾಗೂ ರಜೆಯ ಲೆಕ್ಕ ಹಾಕಿಕೊಳ್ಳುವುದು ಉತ್ತಮ.

5. ಅರ್ಹತೆ ಮತ್ತು ಪ್ರವೇಶ

ಎಂ.ಬಿ.ಎ., ಎಂ.ಸಿ.ಎ. ಮತ್ತು ಎಂ.ಟೆಕ್. ನಿಯತ ಪದವಿಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ಪ್ರವೇಶ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಅರ್ಹತಾ ಪದವಿಯಲ್ಲಿ ಶೇ. 50 ಅಂಕ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ. 45 ಅಂಕ ಅಗತ್ಯ. ದೂರ ಮತ್ತು ಆನ್‌ಲೈನ್ ವಿಧಾನದ ಪ್ರವೇಶಕ್ಕೆ ಆಯಾ ವಿಶ್ವವಿದ್ಯಾಲಯಕ್ಕೆ ನೇರವಾಗಿ ಅರ್ಜಿ ಸಲ್ಲಿಸಬೇಕು. ಇದಕ್ಕಾಗಿ 2024ರಿಂದ ಆಯೋಗದ ದೂರ ಶಿಕ್ಷಣ ಮಂಡಳಿಯ (ಡಿ.ಇ.ಬಿ.) ಜಾಲತಾಣದಲ್ಲಿ ಡಿ.ಇ.ಬಿ. ಗುರುತಿನ ಸಂಖ್ಯೆ ಪಡೆಯುವುದು ಕಡ್ಡಾಯವಾಗಿದೆ. ಅದಕ್ಕೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯ ಸಂಖ್ಯೆ ಬೇಕಾಗುತ್ತದೆ.

6. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(1) ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮತ್ತು ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳು
(2) ಪದವಿ ಪ್ರಮಾಣಪತ್ರ
(3) ಆಧಾರ್ ಚೀಟಿ ಮತ್ತು ಭಾವಚಿತ್ರ
(4) ಅನ್ವಯಿಸುವವರಿಗೆ ನಾಡಕಚೇರಿಯಿಂದ ಪಡೆದ ಜಾತಿ ಹಾಗೂ ಆದಾಯ ಪ್ರಮಾಣಪತ್ರ
(5) ಉದ್ಯೋಗದಲ್ಲಿರುವವರು ಮೇಲಧಿಕಾರಿಗಳ ನಿರಾಕ್ಷೇಪಣಾ ಪತ್ರ

ಸರ್ಕಾರಿ ನೌಕರರು ವ್ಯಾಸಂಗಕ್ಕೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದಿರುವುದು ಕ್ಷೇಮಕರ. ಹೆಸರು ಮತ್ತು ಜನ್ಮ ದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇರಬೇಕು.

7. ಶುಲ್ಕ ಪಾವತಿಸುವ ಮೊದಲು

• ದೂರ ಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ಸಂಸ್ಥೆ, ವಿಷಯ ಮತ್ತು ಶೈಕ್ಷಣಿಕ ಸಾಲು ಈ ಮೂರೂ ನಮೂದಾಗಿವೆಯೇ ಎಂದು ನೋಡುವುದು.
• ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ಮಾತ್ರ ಪಾವತಿಸಿ ರಸೀದಿ ಪಡೆಯುವುದು. ಖಾಸಗಿ ಮಧ್ಯವರ್ತಿ ಕೇಂದ್ರಗಳ ಮೂಲಕ ಪದವಿ ಶಿಕ್ಷಣ ನೀಡಲು ಆಯೋಗವು ಅನುಮತಿ ನೀಡುವುದಿಲ್ಲ.
• ಪ್ರಮಾಣಪತ್ರ, ಡಿಪ್ಲೊಮಾ ಮತ್ತು ಪದವಿ ಇವುಗಳ ವ್ಯತ್ಯಾಸ ಗಮನಿಸುವುದು. ಆರು ತಿಂಗಳ ಪ್ರಮಾಣಪತ್ರವು ಸ್ನಾತಕೋತ್ತರ ಪದವಿಯಲ್ಲ.
• ವಿದೇಶಿ ವಿಶ್ವವಿದ್ಯಾಲಯದ ಪದವಿಯಾದಲ್ಲಿ ಭಾರತದಲ್ಲಿ ಅದರ ತತ್ಸಮಾನತೆಯನ್ನು ಮೊದಲೇ ವಿಚಾರಿಸುವುದು. ಈ ಬಗ್ಗೆ ಆಯೋಗವು 2025ರಲ್ಲಿ ನಿಯಮಗಳನ್ನು ಪ್ರಕಟಿಸಿದೆ.

8. ವ್ಯಾಸಂಗ ಮತ್ತು ಯೋಜನಾ ಕಾರ್ಯ

ಪ್ರವೇಶಕ್ಕೆ ಮೊದಲೇ ತಮ್ಮ ಸಾಮರ್ಥ್ಯ ಅರಿಯಲು ಬಯಸುವವರು ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯು ಸೇರಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್.ನ ಒಂದು ವಿಷಯವನ್ನು ಕಲಿತು ನೋಡಬಹುದು. ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿರುತ್ತದೆ. ಹನ್ನೆರಡು ವಾರ ಬಿಡದೆ ಓದಲು ಸಾಧ್ಯವಾದವರಿಗೆ ಎರಡು ವರ್ಷದ ವ್ಯಾಸಂಗದ ಅಂದಾಜು ದೊರೆಯುತ್ತದೆ.

ನಾವೀನ್ಯತೆಯ ಪದವಿಯಲ್ಲಿ ಯೋಜನಾ ಕಾರ್ಯವೇ ಮುಖ್ಯ ಭಾಗ. ಊರಿನಲ್ಲಿದ್ದು ಕಲಿಯುವವರಿಗೆ ಇದೊಂದು ಅನುಕೂಲ. ಬೆಟಗೇರಿಯ ಕೈಮಗ್ಗಗಳ ವಿನ್ಯಾಸ, ಈರುಳ್ಳಿ ಮತ್ತು ಮೆಣಸಿನಕಾಯಿಯ ಸಂಗ್ರಹಣೆ, ಮುಂಡರಗಿ ಭಾಗದ ಕುಡಿಯುವ ನೀರಿನ ಫ್ಲೋರೈಡ್ ನಿವಾರಣೆ, ಗಾಳಿಯಂತ್ರಗಳ ನಿರ್ವಹಣೆ ಇವೆಲ್ಲವೂ ಅಧ್ಯಯನಕ್ಕೆ ಯೋಗ್ಯ ವಿಷಯಗಳು.

9. ದೂರು ಮತ್ತು ಪರಿಹಾರ

ಶುಲ್ಕ, ಅಂಕಪಟ್ಟಿ ಅಥವಾ ಪರೀಕ್ಷೆಯ ಬಗ್ಗೆ ದೂರಿದ್ದಲ್ಲಿ ಮೊದಲು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಲಿಖಿತವಾಗಿ ಸಲ್ಲಿಸಬೇಕು. ಆಯೋಗದ 2023ರ ನಿಯಮಗಳಂತೆ ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ನೀಡತಕ್ಕದ್ದು. ತೃಪ್ತಿಯಾಗದಿದ್ದಲ್ಲಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಅರ್ಜಿಯ ಪ್ರತಿ, ಶುಲ್ಕದ ರಸೀದಿ ಮತ್ತು ಸಂಸ್ಥೆಯೊಂದಿಗಿನ ಪತ್ರವ್ಯವಹಾರವನ್ನು ಪದವಿ ಪ್ರಮಾಣಪತ್ರ ಕೈಸೇರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.