ಬಂಡಿ ನಿಲ್ಲುವ ಜಾಗ, ಮಕ್ಕಳು ಆಡುವ ಬಯಲು



ಇತಿಹಾಸವೆಂದರೆ ರಾಜರ ಯುದ್ಧ, ಗುಡಿಗಳ ಶಿಲ್ಪ ಮಾತ್ರವಲ್ಲ. ನಮ್ಮ ಓಣಿಯ ಆಟದ ಬಯಲಿಗೂ ಒಂದು ಇತಿಹಾಸವಿದೆ. ಅದರ ಅಂಚಿನಲ್ಲಿ ನಿಂತಿರುವ ಮೋಟಾರ್ ಸೈಕಲ್ಲಿಗೂ ಒಂದು ಇತಿಹಾಸವಿದೆ. ಈ ಎರಡೂ ಒಂದೇ ನೆಲದ ಮೇಲೆ ಎದುರಾದಾಗ ಏನಾಗುತ್ತದೆ ಎಂಬುದು ಇಲ್ಲಿಯ ವಿಷಯ.

ಕೊಪ್ಪಳ ಜಿಲ್ಲೆಯ ಕುಕನೂರನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯಿಂದ ಹೆಸರಾದ ಊರು ಇದು. ಬಹುಕಾಲ ಯಲಬುರ್ಗಾ ತಾಲೂಕಿಗೆ ಸೇರಿದ್ದ ಈ ಊರನ್ನು 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲೂಕು ಎಂದು ಘೋಷಿಸಲಾಯಿತು. ತಾಲೂಕು ಎಂದ ಮೇಲೆ ಕಚೇರಿಗಳು ಬರುತ್ತವೆ, ಕಚೇರಿಗಳಿಗೆ ಜನ ಬರುತ್ತಾರೆ, ಜನರೊಡನೆ ವಾಹನಗಳೂ ಬರುತ್ತವೆ. ಊರು ಬೆಳೆಯುತ್ತದೆ, ಊರೊಳಗಿನ ನೆಲ ಬೆಳೆಯುವುದಿಲ್ಲ. ಇಂಥ ಊರುಗಳಲ್ಲಿ ಬೇಲಿಯಿಲ್ಲದ ಬಯಲು ಹಗಲು ಹೊತ್ತಿನಲ್ಲಿ ಖಾಲಿ ಜಾಗದಂತೆ ಕಾಣುವುದು ಸಹಜ. ಆದರೆ ಅದು ಖಾಲಿಯಲ್ಲ. ಶಾಲೆ ಬಿಟ್ಟ ಮೇಲೆ ತುಂಬಿಕೊಳ್ಳುವ ಜಾಗ ಅದು.

ಮೋಟಾರು ಬರುವ ಮೊದಲೂ ಈ ತೊಡಕು ಇದ್ದೇ ಇತ್ತು. ಸಂತೆಗೆ, ಜಾತ್ರೆಗೆ ಹತ್ತೂರಿನಿಂದ ಚಕ್ಕಡಿಗಳು ಬರುತ್ತಿದ್ದವು. ಎತ್ತುಗಳನ್ನು ಬಿಚ್ಚಿ, ಮೇವು ಹಾಕಿ, ನೀರು ಕುಡಿಸಲು ಜಾಗ ಬೇಕಿತ್ತು. ದಾರಿಯಲ್ಲೇ ಬಂಡಿ ಬಿಟ್ಟರೆ ಓಡಾಟ ನಿಲ್ಲುತ್ತಿತ್ತು. ಆ ಕಾಲದಲ್ಲಿ ಕುಕನೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಮದರಾಸು ಪ್ರಾಂತದ 1920ರ ಸ್ಥಳೀಯ ಆಡಳಿತದ ಕಾನೂನುಗಳು ಗಾಡಿ ನಿಲ್ದಾಣಗಳ ವಿಚಾರವನ್ನು ಪ್ರತ್ಯೇಕವಾಗಿಯೇ ಹೇಳಿದವು. ಸ್ಥಳೀಯ ಸಂಸ್ಥೆ ಗಾಡಿ ನಿಲ್ಲಲು ಜಾಗ ಮಾಡಿಕೊಡಬಹುದು, ಅದಕ್ಕೆ ಶುಲ್ಕ ಪಡೆಯಬಹುದು. ಹಾಗೆ ಮಾಡಿಕೊಟ್ಟ ಮೇಲೆ ಸುತ್ತಲಿನ ರಸ್ತೆಯಂಚಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಲ್ಲಿಸುವುದನ್ನು ತಡೆಯಬಹುದು. ಈ ಕ್ರಮವನ್ನು ಗಮನಿಸಿ: ಮೊದಲು ಜಾಗ ಕೊಡು, ಆಮೇಲೆ ಬೇಡವೆನ್ನು.

ಚಕ್ಕಡಿಯ ಜಾಗವನ್ನು ಮೋಟಾರು ಹಿಡಿಯಿತು. 1951ರಲ್ಲಿ ಇಡೀ ಭಾರತದಲ್ಲಿ ನೋಂದಣಿಯಾಗಿದ್ದ ಮೋಟಾರು ವಾಹನಗಳು ಸುಮಾರು 3 ಲಕ್ಷ. 2011ರ ಹೊತ್ತಿಗೆ ಅವು 14 ಕೋಟಿ ದಾಟಿದವು. ಅವುಗಳಲ್ಲಿ 10 ಕೋಟಿಗೂ ಹೆಚ್ಚು ದ್ವಿಚಕ್ರ ವಾಹನಗಳು. 1988ರ ಮೋಟಾರು ವಾಹನ ಕಾಯಿದೆಯೂ ಹಳೆಯ ಕ್ರಮವನ್ನು ಮರೆತಿಲ್ಲ. ವಾಹನಗಳು ಎಲ್ಲಿ ನಿಲ್ಲಬಹುದೆಂದು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರ ಅದರಲ್ಲಿದೆ.

ಇನ್ನು ಆಟದ ಬಯಲಿನ ಕಡೆ ತಿರುಗೋಣ. ಕೈಗಾರಿಕೆಗಳಿಂದ ಊರುಗಳು ಕಿಕ್ಕಿರಿದ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಆಡಲು ನೆಲವಿಲ್ಲವೆಂಬ ಚಿಂತೆಯಿಂದ 1925ರಲ್ಲಿ ರಾಷ್ಟ್ರೀಯ ಆಟದ ಮೈದಾನಗಳ ಸಂಘ ಹುಟ್ಟಿತು. ಸಾವಿರ ಜನಕ್ಕೆ ಆರು ಎಕರೆ ಆಟದ, ವಿಹಾರದ ಜಾಗ ಬೇಕೆಂಬ ಅಳತೆಯನ್ನು ಅದು ಜನರ ಮುಂದಿಟ್ಟಿತು. ಹತ್ತು ವರ್ಷಗಳ ನಂತರ, 1935ರಲ್ಲಿ, ಅಮೆರಿಕದ ಒಕ್ಲಹೋಮ ನಗರದಲ್ಲಿ ಕಾರು ನಿಲ್ಲಿಸಲು ಕಾಸು ಹಾಕುವ ಮೊದಲ ಮೀಟರು ಬಂದಿತು. ಕಾರು ನಿಲ್ಲುವ ನೆಲಕ್ಕೆ ಹೀಗೆ ಬೆಲೆ ಗೊತ್ತಾಯಿತು. ಮಕ್ಕಳು ಆಡುವ ನೆಲಕ್ಕೆ ಯಾವ ಮೀಟರೂ ಇಲ್ಲ. ಬೆಲೆ ಕಟ್ಟದ ವಸ್ತುವನ್ನು ಯಾರು ಬೇಕಾದರೂ ಬಳಸಬಹುದೆಂದು ಭಾವಿಸುವುದು ಮನುಷ್ಯ ಸ್ವಭಾವ.

ನಮ್ಮ ರಾಜಧಾನಿಯಲ್ಲೇ ಇದಕ್ಕೆ ಉದಾಹರಣೆಗಳಿವೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಬೆಂಗಳೂರಿನ ಹಳೆಯ ಕೆರೆಗಳ ಮೇಲಿನ ಅಕ್ಕರೆ ಕಡಿಮೆಯಾಯಿತು. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಧರ್ಮಾಂಬುಧಿ ಕೆರೆ ಒಣಗಿ ಬಯಲಾಯಿತು. ಅಲ್ಲಿ ದೊಡ್ಡ ಸಭೆಗಳು ನಡೆದವು. ಕಡೆಗೆ ಕೆಂಪೇಗೌಡ ಬಸ್ ನಿಲ್ದಾಣ ಬಂದಿತು. ಒಂದು ಕೆರೆ ಆಟಕ್ಕೆ ಹೋಯಿತು, ಇನ್ನೊಂದು ವಾಹನಕ್ಕೆ ಹೋಯಿತು. ಬಸ್ ನಿಲ್ದಾಣ ಬೇಡವೆಂದು ಯಾರೂ ಹೇಳಲಾರರು. ಆದರೆ ಹೋದ ಬಯಲು ಮತ್ತೆ ಬರಲಿಲ್ಲ.

ಈ ಬಗೆಯ ಅನುಭವಗಳ ನಡುವೆ, 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ ಒಂದು ಕಾಯಿದೆ ಬಂದಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ. ಆದರೆ ಉದ್ಯಾನದ ಜಾಗಕ್ಕೆ ಅದು ಬದಲಿಯಾಗಲಾರದು. ಆಸ್ಪತ್ರೆಗೇ ಸಲ್ಲದ ರಿಯಾಯಿತಿ ನಮ್ಮ ಸ್ಕೂಟರಿಗೆ ಸಲ್ಲುವುದೇ, ನೀವೇ ಯೋಚಿಸಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಕಾರು ನಿಲ್ಲಲು 5 ಮೀಟರು ಉದ್ದ, 2.5 ಮೀಟರು ಅಗಲ ಬೇಕು. ಬಂದು ಹೋಗುವ ದಾರಿಯೂ ಸೇರಿದರೆ ಸುಮಾರು 25 ಚದರ ಮೀಟರು. ಪುರುಷರ ಕಬಡ್ಡಿ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. ಒಟ್ಟು 130 ಚದರ ಮೀಟರು. ಅಂದರೆ ಎರಡು ತಂಡಗಳು ಕೂಡಿ ಆಡುವ ನೆಲವನ್ನು ನುಂಗಲು ಐದೇ ಐದು ಕಾರು ಸಾಕು. ದೊಡ್ಡ ಕ್ರೀಡಾಂಗಣಕ್ಕೆ ಐದು ಕಾರು ಲೆಕ್ಕವಲ್ಲ. ಓಣಿಯ ಚಿಕ್ಕ ಬಯಲಿಗೆ ಅದೇ ಸರ್ವಸ್ವ.

ನೆಲದ ಗುಣವನ್ನೂ ಮರೆಯಬಾರದು. ಕುಕನೂರಿನ ಸುತ್ತ ಎರೆ ಭೂಮಿ ಹೆಚ್ಚು. ಮಳೆಯಾದಾಗ ಎರೆಮಣ್ಣಿನಲ್ಲಿ ಗಾಲಿ ಹೂತು ಗೀರು ಬೀಳುತ್ತದೆ. ಬಿಸಿಲಿಗೆ ಆ ಗೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ವಾಹನ ಹೊರಟುಹೋದರೂ ಗೀರು ಉಳಿಯುತ್ತದೆ. ಖೋಖೋ ಆಡುವ ಹುಡುಗಿಯ ಕಾಲು ಉಳುಕುವುದು ಅಲ್ಲಿಯೇ.

ಹಾಗಾದರೆ ತಪ್ಪು ಯಾರದು? ಹೊರಗಿನವರದು ಮಾತ್ರ ಎಂದುಕೊಳ್ಳಬೇಡಿ. ಪಂದ್ಯದ ದಿನ ಬಯಲಿನೊಳಗೆ ಗಾಡಿ ತರುವವರಲ್ಲಿ ಆಟಗಾರರೂ ಇರುತ್ತಾರೆ, ಅವರ ಅಣ್ಣಂದಿರೂ ಇರುತ್ತಾರೆ. ಓಣಿಯ ಬಯಲೆಂದರೆ ನಡೆದು ಬರುವಷ್ಟು ಹತ್ತಿರದ ಬಯಲು. ಹತ್ತಿರದವರು ನಡೆದು ಬರಲಿ. ದೂರದಿಂದ ಬಂದವರಿಗೆ ಹೊರಗೆ ಒಂದು ಪಟ್ಟಿ ಜಾಗವನ್ನು ಸುಣ್ಣದ ಗೆರೆ ಎಳೆದು ತೋರಿಸಲಿ. ಬಾಗಿಲಲ್ಲಿ ಜನ ಹಾಯುವಷ್ಟು ಅಂತರ ಬಿಟ್ಟು ಕಲ್ಲು ನೆಟ್ಟರೆ ವಾಹನ ಒಳಗೆ ಬಾರದು. ಗಾಯಾಳುವನ್ನು ಒಯ್ಯುವ ಗಾಡಿಗೆ ಮಾತ್ರ ಬೇರೊಂದು ಗೇಟು ಇರಲಿ.

ಮಕ್ಕಳಿಗೆ ಮತವಿಲ್ಲ. ಅವರ ಪರವಾಗಿ ಬಯಲೇ ಮಾತಾಡಬೇಕು. ಬಯಲು ಮಾತಾಡುವುದು ಅಲ್ಲಿ ಆಟ ನಡೆಯುತ್ತಿದ್ದಾಗ ಮಾತ್ರ. ನೀವು ಒಂದು ಕೆಲಸ ಮಾಡಿ. ಒಂದು ಹಗ್ಗ ತೆಗೆದುಕೊಂಡು ಗೆಳೆಯರೊಡನೆ ನಿಮ್ಮ ಬಯಲನ್ನು ಅಳೆಯಿರಿ. ಎಷ್ಟು ಭಾಗದಲ್ಲಿ ಆಟ, ಎಷ್ಟು ಭಾಗದಲ್ಲಿ ವಾಹನ ಎಂದು ನಕ್ಷೆ ಬರೆಯಿರಿ. ತಾರೀಖು ಹಾಕಿ ಶಾಲೆಯಲ್ಲಿ ಕಾಪಾಡಿ. ಇಪ್ಪತ್ತು ವರ್ಷದ ನಂತರ ನಿಮ್ಮ ಊರಿನ ಇತಿಹಾಸ ಬರೆಯುವವರಿಗೆ ಆ ಕಾಗದ ಒಂದು ಶಾಸನದಂತೆ ಉಪಯೋಗಕ್ಕೆ ಬಂದೀತು. ಅಷ್ಟೇ ಅಲ್ಲ, ಪಟ್ಟಣ ಪಂಚಾಯಿತಿಯ ಮುಂದೆ ನಾಳೆಯೇ ಅದನ್ನು ಇಡಬಹುದು.