ಏಳು ಸಹಿ, ಒಂದು ಲಾರಿ: ಚಿತ್ರದುರ್ಗ ಸೀಮೆಯಲ್ಲಿ ಚಾಲಕರ ಸಂಘಟನೆ

ಲಾರಿ ಮುಷ್ಕರ, ಬಸ್ ಮುಷ್ಕರ ಎರಡಕ್ಕೂ ಪತ್ರಿಕೆಗಳು ಬಳಸುವುದು ಒಂದೇ ಪದ. ಒಳಗಿನ ಸಂಗತಿ ಮಾತ್ರ ಬೇರೆ. ಸರ್ಕಾರಿ ಬಸ್ಸು ನಿಂತರೆ ಕೆಲಸ ನಿಲ್ಲಿಸಿದವರು ನೌಕರರು; ಲಾರಿ ನಿಂತರೆ ಬಹುತೇಕ ಕರೆ ಕೊಟ್ಟವರು ಮಾಲೀಕರು. ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿ ಕಡೆಯ ರಸ್ತೆಯೂ ಕೂಡುವ ಹಿರಿಯೂರಿನಂಥ ಊರಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಸಾಲಾಗಿ ನಿಂತ ಗಾಡಿಗಳಷ್ಟೇ ಕಾಣುತ್ತವೆ. ಆದರೆ ಈ ಭಾಗದ ಚಾಲಕರ ಸಂಘಟನೆಯ ಕಥೆ ಬಿಚ್ಚಿಕೊಳ್ಳುವುದೇ ಅಲ್ಲಿಂದ.

1926ರ ಕಾರ್ಮಿಕ ಸಂಘಗಳ ಕಾಯ್ದೆಯ ಪ್ರಕಾರ ಸಂಘ ನೋಂದಾಯಿಸಲು ಏಳು ಜನರ ಸಹಿ ಸಾಕಿತ್ತು. ಏಳು ಡ್ರೈವರುಗಳು ಯಾವ ಸ್ಟ್ಯಾಂಡಿನಲ್ಲಾದರೂ ಸಿಗುತ್ತಾರೆ. ಅವರ ಎದುರಿಗೆ ಕೂತು ಮಾತಾಡಬೇಕಾದ ಧಣಿ ಯಾರು ಎನ್ನುವುದೇ ತೊಡಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದಿತು; ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. ಆದರೆ ಅದು ತಾನಾಗಿಯೇ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗೆ. ಒಂದೇ ಲಾರಿ ಇಟ್ಟುಕೊಂಡು, ಒಬ್ಬ ಡ್ರೈವರ್, ಒಬ್ಬ ಕ್ಲೀನರ್‌ನಲ್ಲಿ ದಂಧೆ ನಡೆಸುವ ಮಾಲೀಕ ಆ ಲೆಕ್ಕಕ್ಕೇ ಬರಲಿಲ್ಲ. ಅವನೇ ಸ್ಟಿಯರಿಂಗ್ ಹಿಡಿದರಂತೂ ಧಣಿಯೂ ಅವನೇ, ಆಳೂ ಅವನೇ.

ಸರ್ಕಾರಿ ಬಸ್ಸಿನ ಚರಿತ್ರೆ ಇದಕ್ಕಿಂತ ನೇರ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು, 1961ರಲ್ಲಿ ನಿಗಮವಾಯಿತು. ಅಲ್ಲಿ ಧಣಿ ಒಬ್ಬನೇ, ಡಿಪೋ ಎಂಬ ಕೂಡುವ ಜಾಗವಿತ್ತು, ಸಂಘ ಬೇರುಬಿಟ್ಟಿತು. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗದ ಕಡೆಗೆ ಮಾತ್ರ ಖಾಸಗಿ ಬಸ್ಸಿನ ಕಾರುಬಾರು ಬಹುಕಾಲ ಉಳಿಯಿತು. ಒಂದೇ ರಸ್ತೆಯಲ್ಲಿ ಓಡುವ ಇಬ್ಬರು ಚಾಲಕರಲ್ಲಿ ಒಬ್ಬನದು ವೇತನ ಶ್ರೇಣಿ, ಇನ್ನೊಬ್ಬನದು ದಿನದ ಬಾಟಾ.

ಮಾಲೀಕ-ಚಾಲಕರ ಗಂಟು ಎಷ್ಟು ಬಿಗಿ ಎಂಬುದು ತಿಳಿದದ್ದು ಅದಿರಿನ ಕಾಲದಲ್ಲಿ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಸುತ್ತಣ ಗಣಿಗಳನ್ನು ನಂಬಿ ಎಷ್ಟೋ ಮಂದಿ ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈಯಲ್ಲಿ ಬಳ್ಳಾರಿಗೆ ಹಾಕಿದ ಗಣಿ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಆದೇಶ ಬೇಕಾದದ್ದೇ, ಕಾಡುಗುಡ್ಡಗಳ ಸ್ಥಿತಿ ನೋಡಿದವರು ತಕರಾರು ತೆಗೆಯಲಾರರು. ಆದರೆ ಲೋಡು ನಿಂತಾಗ ಕಂತು ಕಟ್ಟಬೇಕಾದವನೂ ಟ್ರಿಪ್ಪಿನ ದುಡ್ಡು ನಂಬಿದವನೂ ಒಟ್ಟಿಗೇ ಬೀದಿಗೆ ಬಿದ್ದರು. ಅಂಥ ಹೊತ್ತಿನಲ್ಲಿ ಡ್ರೈವರಿಗೆ ಮಾಲೀಕನ ವಿರುದ್ಧ ಸಂಘ ಕಟ್ಟುವ ಅರ್ಥವಾದರೂ ಏನಿತ್ತು?

ಇನ್ನೊಂದು ತಿರುವು 2020ರ ಡಿಸೆಂಬರಿನದು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು ಸಾರಿಗೆ ನಿಗಮಗಳ ನೌಕರರು ಬಸ್ಸು ನಿಲ್ಲಿಸಿದರು. ಮುಂದೆ ನಿಂತದ್ದು ಹಳೆಯ ಕಾರ್ಮಿಕ ಒಕ್ಕೂಟದ ನಾಯಕರಲ್ಲ, ಇದೇ ಜಿಲ್ಲೆಯ ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ಹೊರಗಿನವರು ಕಾರ್ಮಿಕ ಸಂಘದ ಪದಾಧಿಕಾರಿಗಳಾಗಲು 1926ರ ಕಾಯ್ದೆಯಲ್ಲೇ ಅವಕಾಶವಿತ್ತು, ಹಾಗಾಗಿ ಕಾನೂನಿನ ಕಣ್ಣಿಗೆ ಇದು ಹೊಸತಾಗಿರಲಿಲ್ಲ. ರೈತರ ಹಸಿರು ಶಾಲು ಬಸ್ ನಿಲ್ದಾಣಕ್ಕೆ ಬಂದದ್ದು ಹೊಸತು. 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಬೇಡಿಕೆಯ ಮೇಲೆ ಮತ್ತೆ ನಡೆದ ಮುಷ್ಕರ ಎರಡು ವಾರ ಎಳೆಯಿತು. ನಿಂತ ನಿಗಮದ ಬಸ್ಸುಗಳ ಜಾಗಕ್ಕೆ ಸರ್ಕಾರ ಇಳಿಸಿದ್ದು ಖಾಸಗಿ ಬಸ್ಸುಗಳನ್ನು. ಇವರ ಮುಷ್ಕರ ಅವರಿಗೆ ದುಡಿಮೆಯಾಯಿತು!

ಭಾರತೀಯ ನ್ಯಾಯ ಸಂಹಿತೆಯ 106(2) ಬಂದಾಗ ಮಾತು ಇನ್ನೂ ತಿರುಗಿತು. ಅಪಘಾತದಲ್ಲಿ ಸಾವು ಸಂಭವಿಸಿ, ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಇದ್ದದ್ದು ಎರಡು ವರ್ಷ. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ಬಿಟ್ಟು ಇಳಿದರು. ಜೈಲಿಗೆ ಹೋಗಬೇಕಾದವನು ಡ್ರೈವರು; ಕೇಂದ್ರ ಗೃಹ ಕಾರ್ಯದರ್ಶಿಯ ಜತೆ ಮಾತುಕತೆಗೆ ಕೂತದ್ದು ಸಾಗಣೆದಾರರ ಸಂಘಟನೆ. ಜುಲೈ 1ರಂದು ಸಂಹಿತೆ ಜಾರಿಗೆ ಬಂತು, ಆ ಒಂದು ಉಪಕಲಮನ್ನು ಬಿಟ್ಟು.