ಹತ್ತಿ ಸಂಶೋಧನೆಯ ಹಣ, ಹೊಲದ ಬೆರಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆಮೇಲೆ ಹಾವೇರಿ ಜಿಲ್ಲೆಗೆ ಸೇರಿದವು. ಬ್ರಿಟಿಷರ ಕಾಲದಲ್ಲಿ ಸವಣೂರು ಮಾತ್ರ ನವಾಬರ ಸಂಸ್ಥಾನ. ಪಡುವಣದ ಹಾನಗಲ್ಲ ಮಲೆನಾಡಿನ ಸೆರಗು. ಅಲ್ಲಿ ಕೂರಿಗೆಯಿಂದ ಬಿತ್ತುವ ಭತ್ತ. ಮೂಡಣಕ್ಕೆ ಸರಿದಂತೆ ಮಳೆ ಇಳಿದು ಎರೆಹೊಲ, ಜೋಳ, ಹತ್ತಿ ಕಾಣಿಸುತ್ತವೆ. ಸರ್ಕಾರದ ಖರ್ಚಿನಲ್ಲಿ ದೊಡ್ಡ ಪ್ರಯೋಗ ನಡೆದದ್ದು ಈ ಹತ್ತಿಯ ಮೇಲೆ.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಹೊಸದು ‘ಧಾರವಾಡ–ಅಮೆರಿಕನ್’ ಆಯಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದದ್ದು ಉದ್ದ ಎಳೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ದರ ಗಗನಕ್ಕೇರಿತು, ಯುದ್ಧ ಮುಗಿದೊಡನೆ ಕುಸಿಯಿತು.

1923ರ ಹತ್ತಿ ಸುಂಕದ ಕಾಯ್ದೆಯಿಂದ ಸಂಶೋಧನೆಗೆ ನೆಲೆಯಾದ ಹಣ ಸಿಕ್ಕಿತು. ಗಿರಣಿಗೆ ಹೋಗುವ, ಹಡಗೇರುವ ಪ್ರತಿ ಅಂಡಿಗೆಯ ಮೇಲಿನ ಸುಂಕ ಭಾರತೀಯ ಕೇಂದ್ರ ಹತ್ತಿ ಸಮಿತಿಗೆ ಸಂದು, ತಳಿ ಸುಧಾರಣೆಗೆ ಬಳಕೆಯಾಯಿತು. ಸಾವೆ, ನವಣೆಗಳ ಹಿಂದೆ ಗಿರಣಿಯೂ ಇರಲಿಲ್ಲ, ಅಂಥ ಸುಂಕವೂ ಇರಲಿಲ್ಲ. ಮನೆಮಂದಿ ಉಣ್ಣುವ ಕಾಳು ಹಿಂದುಳಿದದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು.

1972ರಲ್ಲಿ ಧಾರವಾಡದಲ್ಲಿ ವಿಜ್ಞಾನಿ ಬಿ. ಎಚ್. ಕಟರಕಿ ಅವರು ‘ವರಲಕ್ಷ್ಮಿ’ಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ಸಂಕರ ತಳಿ ಅದು. ಮುಂದೆ 1981ರಲ್ಲಿ ‘ಜಯಲಕ್ಷ್ಮಿ’ ಬಂತು. ಸಂಕರ ಬೀಜವನ್ನು ವರ್ಷವರ್ಷವೂ ಹೊಸದಾಗಿ ಹುಟ್ಟಿಸಬೇಕು, ಅದೂ ಕೈಯಿಂದಲೇ. ಹಿರೇಕೆರೂರು ಕಡೆಯ ಹೊಲಗಳಲ್ಲಿ ಈ ಕೆಲಸಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರಗಳನ್ನೂ ಸುತ್ತಲೂ ಸೀಳಿ ತೆಗೆಯಬೇಕು. ಉಗುರು ಕೂದಲೆಳೆಯಷ್ಟು ಆಳಕ್ಕೆ ಇಳಿದರೂ ಕಾಯಿ ಉದುರುತ್ತದೆ. ಬರಿದಾದ ಶಲಾಕೆಯನ್ನು ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವನ್ನು ತಂದು ಅದಕ್ಕೆ ಸವರಬೇಕು. ಒಂದು ಗಂಡು ಹೂವು ನಾಲ್ಕೈದು ಮೊಗ್ಗಿಗೆ ಸಾಕು.

ಇದನ್ನು ಮಾಡಿದವರು ಬಹುಪಾಲು ಹೆಂಗಸರು. ತಳಿಯ ಚರಿತ್ರೆಯಲ್ಲಿ ವಿಜ್ಞಾನಿಯ ಹೆಸರಿದೆ, ಇರಲೇಬೇಕು. ಆದರೆ ವರ್ಷವರ್ಷವೂ ಬೀಜ ಕಟ್ಟಿದವರ ಹೆಸರು ಕೂಲಿಲೆಕ್ಕದ ಪುಸ್ತಕ ದಾಟಲಿಲ್ಲ. ಸಣ್ಣ ಬೆರಳು ಚುರುಕೆಂದು ಹುಡುಗಿಯರನ್ನು ಶಾಲೆ ಬಿಡಿಸಿ ಇದಕ್ಕೆ ಹಚ್ಚಿದ್ದಂತೂ ದಕ್ಷಿಣ ಭಾರತದ ಹತ್ತಿ ಬೀಜೋದ್ಯಮದ ಅನ್ಯಾಯ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹಳೆಯ ಸಂಕರಗಳು ಬದಿಗೆ ಸರಿದವು. ಜೋಳ, ಹತ್ತಿಯ ಎಷ್ಟೋ ಹೊಲ ಗೋವಿನಜೋಳದ ಪಾಲಾಯಿತು. ಕ್ರಾಸಿಂಗ್ ಕಲಿತ ಕೈಗಳಿಗೆ ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಬೀಜದ ಹೊಲಗಳಲ್ಲಿ ಕೆಲಸ ಸಿಕ್ಕಿತು.